ತಲಬಾಗಿಲ ಸಂದಿನ ಗಾಳಿ

ಅಣ್ಣಿಗೇರಿ,
೧೮ ಡಿಸೆಂಬರ್ ೨೦೨೪, ಬುಧವಾರ

ಪ್ರೀತಿಯ ಮಗಳು ನಂದವ್ವಗ ಅಪ್ಪನ ಆಶೀರ್ವಾದ.

ಹೆಂಗದೀಯವ್ವಾ? ಕಾಲಿನ ಬಾವು ಇಳೀತೇನು? ಒಂಬತ್ತು ತಿಂಗಳದಾಗ ಬಿದ್ದಿ, ಉಪ್ಪು ಕಡಿಮಿ ತಿನ್ನು, ಕಬ್ಬಿಣದ ಗುಳಿಗಿ ಬಿಡಬ್ಯಾಡ. ಅಳಿಯ ಕಾಶಿನಾಥರು, ನಿಮ್ಮ ಅತ್ತಿಯವರು ಅರಾಮ ಅದಾರಂತ ತಿಳಿತೀನಿ. ನಿಮ್ಮ ಸಂಶಿ ಮನಿಗೆ ಫೋನ್ ಹಚ್ಚಿದ್ರ ಅತ್ತಿಯವರು ನಿನ್ನ ಬಾಜು ಕುಂತಿರತಾರ, ನನಗ ಮಾತು ಹೊರಡೂದಿಲ್ಲ. ಅದಕ್ಕ ಈ ಪತ್ರ. ಹಾಳಿ ಹಾರ್ಯಾಡತೈತಿ, ನಿಮ್ಮವ್ವ ಎಲಿ ಅಡಿಕಿ ಕುಟ್ಟೂ ಕಲ್ಲು ಮ್ಯಾಲಿಟ್ಟ ಬರ್ಯಾಕತ್ತೀನಿ.

ನಿನಗ ಉಡಿ ತುಂಬಿದ ಕುಬಸದ ದಿನ ಅತ್ತಿಯವರು ತಲಬಾಗಿಲ ಹತ್ರ ಸೆರಗು ಹೊದ್ಕೊಂಡು ಕುಂತು, "ಬೀಗರ, ಈ ಗಾಳ್ಯಾಗ ಬಾಣಂತಿ ಹೆಂಗ ಮಲಗತಾಳ್ರಿ? ಮನ್ಯಾಗ ಹೆಣ್ಮಗಳೂ ಇಲ್ಲ" ಅಂದದ್ದು ನಿನಗೂ ಕೇಳಿಸಿತ್ತು. ಬಾಗಿಲ ಬಂದೋಬಸ್ತ ಆದಮ್ಯಾಲ ಕಳಿಸೂಣು ಅಂತ ಹೇಳಿ ಹೋದ್ರು. ಚೊಚ್ಚಲ ಬಾಣಂತನ ತವರಾಗ ಆಗಲಿಲ್ಲಂದ್ರ ನಿಮ್ಮವ್ವ ಇನ್ನೊಮ್ಮಿ ಸತ್ತಂಗ ಅನಿಸ್ತು ನನಗ. ನಿನಗ, ಕೂಸಿಗೆ ನೀರು ಎರದು ಹಾಕಾಕ ಬಾಜು ಮನಿ ರಾಜಮಾಬಿ ಬರ್ತೀನಿ ಅಂದಿದ್ಲು. ಉಳದದ್ದು ಬಾಗಿಲ ಒಂದ.

ಆ ಬಾಗಿಲ ನಿನಗ ಗೊತ್ತಲ್ಲ. ಎಡಗಡಿ ಕದ ಜೋತು ಬಿದ್ದೈತಿ. ನಿಮ್ಮವ್ವ ಮೂವತ್ತ ವರ್ಷ ದಿನಾ ತಿಕ್ಕಿ ತೊಳದು ಹೊಸ್ತಿಲ ನಡುವ ತಾಟಿನಂಗ ತಗ್ಗಾಗೈತಿ. ಕೆಳಗ ಬೆಕ್ಕಿನ ಕಾಲು ತೂರುವಷ್ಟು ಸಂದಿ. ಕಡ್ಲಿ ಹೊಲದ ಮ್ಯಾಲಿಂದ ಬಂದ ಥಂಡಿ ಗಾಳಿ ಸೀದಾ ಮಂಚದ ಕೆಳಗ ಹೋಗತೈತಿ. ಬಡಿಗ್ಯಾ ಬಂದು ಚೌಕಟ್ಟ ಕಿತ್ತಬೇಕ್ರಿ ಅಂದ, ಅಷ್ಟು ರೊಕ್ಕ ನನ್ನ ಕಡೆ ಇಲ್ಲ. ಪಂಕ್ಚರ್ ತಿದ್ದೂ ಹಾರೂನ್ ಹಳೇ ಸೈಕಲ್ ಟ್ಯೂಬು ಪುಕ್ಕಟ ಕೊಟ್ಟ. ಅವನ್ನ ಉದ್ದಕ ಸೀಳಿ ಕದಕ್ಕ ಮೊಳಿ ಹೊಡದೆ. ಬಿರುಕಿಗೆ ಕಟಗಿ ಹೊಟ್ಟು, ಫೆವಿಕಾಲ್ ಕಲಸಿ ಮೆತ್ತಿದೆ. ನನ್ನ ಹಳೇ ಧೋತರದ ಚೀಲ ಹೊಲದು ಉಸುಕು ತುಂಬಿ ಒಳಗಿಂದ ಅಡ್ಡ ಇಟ್ಟೆ. ಕಾಲೇಜಿನ್ಯಾಗ ಒಂದು ಲೆಸನ್ ಇತ್ತು: ಹಾಟ್ ಏರ್ ರೈಜಸ್ ಅಪ್, ಕೋಲ್ಡ್ ಏರ್ ಕಮ್ಸ್ ಫ್ರಾಮ್ ಬಿಲೋ, ದೇರ್‌ಫೋರ್... ಆ ದೇರ್‌ಫೋರ್ ಮುಂದಿಂದು ಎಷ್ಟ ಮಾಡಿದ್ರೂ ನೆನಪಾಗಲಿಲ್ಲ. ಊದಿನಕಡ್ಡಿ ಹಚ್ಚಿ ಸಂದಿಗೆ ಹಿಡಿದೆ. ಹೊಗಿ ಅಳ್ಳಾಡಲಿಲ್ಲ. ನಿಮ್ಮವ್ವ ಹೋದಮ್ಯಾಲ ಅಷ್ಟು ಖುಷಿ ನನಗ ಆಗಿದ್ದಿಲ್ಲ.

ಸೋಮವಾರ ಮಧ್ಯಾಹ್ನ ಪರೀಕ್ಷಾ ಮಾಡೂಣು ಅಂತ, ನೀ ಹುಟ್ಟಿದಾಗ ನಿಮ್ಮವ್ವ ಇಟ್ಟಂಗ ಅಗ್ಗಿಷ್ಟಿಗಿಗೆ ಇದ್ದಲಿ ಹಾಕಿ ಮಂಚದ ಕೆಳಗ ಇಟ್ಟೆ. ಕಿಡಕಿ ಹಾಕಿದೆ, ಕೌದಿ ಹೊದ್ದು ನಿನ್ನ ಜಾಗಾದಾಗ ಮಲಗಿದೆ. ಅಗದಿ ಬೆಚ್ಚಗಾತವ್ವಾ. ಸ್ವಲ್ಪ ತಲಿ ನೋವು, ಆಮ್ಯಾಲ ನಿದ್ದಿ. ಏಳಬೇಕಂದ್ರ ಕಾಲು ಮಾತು ಕೇಳವಲ್ವು. ರಾಜಮಾಬಿ ಹಾಲಿನ ತಂಬಿಗಿ ಕೊಡಾಕ ಬಂದಾಕಿ ಕರದು ಕರದು, ಉಸುಕಿನ ಚೀಲಕ್ಕ ಕದ ಸರಿಲಾರದಕ್ಕ ಹೆಗಲ ಕೊಟ್ಟು ದೂಡಿ, ನನ್ನನ್ನ ಹೊರಗ ಕಟ್ಟಿ ಮ್ಯಾಲ ಎಳಕೊಂಡು ಬಂದ್ಲು. ವಾಂತಿ ಮಾಡ್ಕೊಂತ ಕುಂತಾಗ ನೆನಪಾತು ಆ ಲೈನ್: ದೇರ್‌ಫೋರ್ ಎ ಪ್ಯಾಸೇಜ್ ಮಸ್ಟ್ ಬಿ ಲೆಫ್ಟ್. ಗಾಳಿ ಆಡಾಕ ದಾರಿ ಬಿಡಬೇಕಂತ.

ಆಕಿ ಬೈದದ್ದು ಬರಿಯೂದಿಲ್ಲ. ನಿಮ್ಮವ್ವನ ಬಗ್ಗೆ ಅಂದ ಒಂದ ಮಾತು ಬರಿತೀನಿ. "ಮಲ್ಲಕ್ಕ ಬಡಿಗ್ಯಾನ್ನ ಹೊಳ್ಳಿ ಕಳಸತಿದ್ಲು, ಯಾಕಂತ ಒಂದಿನಾರ ಕೇಳಿದ್ರೇನ್ರಿ? ಆ ಸಂದ್ಯಾಗ ಗಾಳಿ ಆಡತಿತ್ತಂತನ ಆಕಿ ಕೆಂಡ ಇಡತಿದ್ಲು." ನಾ ಕೇಳಿದ್ದಿಲ್ಲ. ಆಕಿ ಜುಗ್ಗತನಾ ಮಾಡತಾಳಂತ ತಿಳದಿದ್ದೆ.

ಇದೊಂದು ನನಗ ಗೊತ್ತಿರಲಿಲ್ಲ. ಇಂಥವು ಇನ್ನೆಷ್ಟು ಗೊತ್ತಿಲ್ಲೋ. ಆಕಿ ಒಂದೂ ಬರದಿಟ್ಟಿಲ್ಲ, ನಾ ಒಂದೂ ಕೇಳಿಲ್ಲ. ಎರಡ ದಿನಾತು, ಮಂಚದ ಕಡೆ ನೋಡಾಕ ಆಗವಲ್ದು.

ಅಮೃತೇಶ್ವರ ನಿನ್ನೂ ನಿನ್ನ ಕೂಸನ್ನೂ ಕಾಯಲಿ. ಕಾಶಿನಾಥರಿಗೆ ಆಶೀರ್ವಾದ, ಅತ್ತಿಯವರಿಗೆ ಶರಣು ಹೇಳು.

ನಿನ್ನ ಅಪ್ಪ,
ಈರಬಸಪ್ಪ

ತಾ.ಕ.: ರವಿವಾರ ಕರಕೊಂಡು ಹೋಗಾಕ ಬರ್ತೀನಿ ಅಂದಿದ್ನಲ್ಲ, ಬರೂದಿಲ್ಲವ್ವಾ. ಅಲ್ಲೇ ಹಡಿ. ಬಾಗಿಲ ದುರಸ್ತಿ ಆಗಲಿಲ್ಲಂತ, ಅಪ್ಪ ಆಲಸಿ ಅದಾನಂತ ಅತ್ತಿಯವರಿಗೆ ಹೇಳು, ನಂಬತಾರ. ಅಗ್ಗಿಷ್ಟಿಗಿ ಇಟ್ಟಾಗ ಅವರ ಮನಿ ಕಿಡಕಿ ನಾಕ ಬೆರಳು ತಗದಿಡು. ಬ್ಯಾಡ ಅಂದ್ರ, ನಮ್ಮವ್ವ ಹಂಗ ಮಾಡತಿದ್ಲು ಅನ್ನು.