ಬಲಪಕ್ಕೆಯ ಗಾಯ

ನವೆಂಬರ್ ೧೭, ಮಂಗಳವಾರ.

ಉಗುರಿನ ಸಂದಿಯ ರಕ್ತ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಇವತ್ತು ನನ್ನನ್ನು ಇಪ್ಪತ್ತು ವರ್ಷ ಹಿಂದಿನ ಕಾಲಕ್ಕೆ ಕಳಿಸಿದರು, ಶತ್ರುಪಡೆಯ ಒಬ್ಬನನ್ನು ಕೊಲ್ಲಲು. "ಮೀಸೆ ಬಲಿಯೋ ಮುಂಚೆನೇ ಮುಗಿಸಿಬಿಡು, ಪೀಡೆ ತೊಲಗಲಿ" ಅಂದಿದ್ದರು ದಳಪತಿ.

ಹಳೆಯ ಹಿಟ್ಟಿನ ಗಿರಣಿಯಲ್ಲಿ ಸಿಕ್ಕ. "ಯಾರೇ ನೀನು?" ಎಂದು ಸಲಿಕೆ ಬೀಸಿದ, ನನ್ನ ಎರಡು ಹಲ್ಲು ಉದುರಿದವು. ಸಿಟ್ಟು ನೆತ್ತಿಗೇರಿ ಅವನ ಬಲಪಕ್ಕೆಗೆ ಹಿಡಿಯವರೆಗೂ ಚಾಕು ತಿವಿದೆ. "ಅಮ್ಮಾ" ಎಂದು ಹಿಟ್ಟಿನ ಮೇಲೆ ಕುಸಿದ. ಆಗ ಹೊಳೆಯಿತು ನನ್ನ ಮಂಕುಬುದ್ಧಿಗೆ.

ಆರು ವರ್ಷದಿಂದ ಅದೇ ಗಿರಣಿಯ ಸಡಿಲ ಇಟ್ಟಿಗೆಯ ಹಿಂದೆ ನನಗೆ ಕಾಗದ ಇಡುವ ಶತ್ರು, ಮುಖ ನೋಡದೆಯೇ ನಾನು ಪ್ರೀತಿಸಿದವನು, ಒಮ್ಮೆ ಬರೆದಿದ್ದ: "ಹತ್ತೊಂಬತ್ತನೇ ವಯಸ್ಸಿನಲ್ಲಿ ಒಬ್ಬಳು ಇಲ್ಲೇ ನನ್ನ ಬಲಪಕ್ಕೆಗೆ ಇರಿದಳು. ಆಮೇಲೆ ತನ್ನ ಅಂಗಿಯ ತೋಳು ಹರಿದು ಗಾಯ ಕಟ್ಟಿದಳು. ಆ ಬಟ್ಟೆ ಇನ್ನೂ ಇಟ್ಟುಕೊಂಡಿದ್ದೇನೆ. ಸಿಕ್ಕರೆ ಅವಳ ಕತ್ತು ಕೊಯ್ಯುತ್ತೇನೆ."

ಓದಿದ ದಿನ ಆ ಹಾಳಾದವಳಿಗೆ ನಾನೂ ಹಿಡಿಶಾಪ ಹಾಕಿದ್ದೆ!

ನನ್ನ ಅಂಗಿಯ ತೋಳು ಹರಿದು ಅವನ ಗಾಯಕ್ಕೆ ಬಿಗಿದು ಕಟ್ಟಿದೆ. ರಕ್ತ ನಿಂತಿತು.

"ಮುಗೀತಾ?" ಅಂದರು ದಳಪತಿ, ನಾನು ಈ ಕಾಲಕ್ಕೆ ಮರಳಿದ ಕೂಡಲೇ. "ಮುಗೀತು ಸಾರ್" ಅಂದೆ.

ನಾಳೆ ಇಟ್ಟಿಗೆಯ ಹಿಂದೆ ಕಾಗದ ಇಡುವುದಿಲ್ಲ. ಈ ಅಂಗಿಯ ಇನ್ನೊಂದು ತೋಳು ಇಡುತ್ತೇನೆ. ಹೊಂದಿಸಿ ನೋಡಲಿ. ನಾನು ಗಿರಣಿಯಲ್ಲೇ ಕೂತಿರುತ್ತೇನೆ. ಚಾಕು ಒಯ್ಯುವುದಿಲ್ಲ.