ಹೊಸ ಬ್ರೇಕ್ ಪ್ಯಾಡ್, ಹಳೇ ಮ್ಯಾಟ್

ಅಪ್ಪಾ,

ಓದಲು ನೀನಿಲ್ಲ, ಗೊತ್ತು. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬದುಕಿದ್ದಾಗ ನೂರು ಸಲ ಹೇಳಿದ ಕೆಲಸವನ್ನು ಇವತ್ತು ಮಾಡಿಸಿದೆ. ನಮ್ಮ ಸೆಕೆಂಡ್ ಹ್ಯಾಂಡ್ ಎಸ್‌ಯುವಿಯ ಬ್ರೇಕ್ ಸರಿಯಾಯಿತು.

"ದೊಡ್ಡ ಡಿಸ್ಕು ಗಿಸ್ಕು ಏನೂ ಬೇಡ ಅಕ್ಕ, ದುಡ್ಡು ದಂಡ," ಎಂದ ಮೆಕ್ಯಾನಿಕ್. "ಒಳ್ಳೇ ಪ್ಯಾಡ್ ಹಾಕಿ, ಬ್ರೇಕ್ ಆಯಿಲ್ ಬದಲಾಯಿಸೋಣ. ಆಮೇಲೆ ನೋಡಿ ಹೆಂಗೆ ಹಿಡಿಯುತ್ತೆ."

ಹೊಸ ಪ್ಯಾಡ್ ಪಳಗಲೆಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಓಡಿಸಿದೆ, ಬ್ರೇಕ್ ಹಿಡಿದೆ, ಮತ್ತೆ ಓಡಿಸಿದೆ. ಅವನು ಸಾಕೆಂದ ಮೇಲೂ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹಾಕಿದೆ.

ಇಳಿಯುವಾಗ ಅವನು ತನ್ನ ಕಾಲ ಕೆಳಗೆ ನೋಡಿ ನಕ್ಕ. "ಇದೇನಕ್ಕ, ಬ್ರೇಕೇ ಇಲ್ಲದ ಕಡೆ ಮ್ಯಾಟ್ ತೂತಾಗಿದೆ?"

"ನಮ್ಮಪ್ಪ ಅಲ್ಲಿ ಕೂತು ಒತ್ತೋರು," ಎಂದೆ.

ಒಂದು ದಿನ ಸಿಗ್ನಲ್‌ನಲ್ಲಿ ನಾನು ರೇಗಿದ್ದೆ: "ಅಲ್ಲಿ ಬ್ರೇಕಿಲ್ಲಪ್ಪ, ಓಡಿಸ್ತಿರೋದು ನಾನು!" ಮರುದಿನದಿಂದ ನೀನು ಹಿಂದಿನ ಸೀಟಿಗೆ ಹೋದೆ. ಅಲ್ಲಿ ಕಾಲು ಚಾಚೋಕೆ ಜಾಗ ಜಾಸ್ತಿ ಎಂದೆ ನೀನು. ಸದ್ಯ, ಕಾಟ ತಪ್ಪಿತೆಂದು ನಾನೂ ಹಾಯಾಗಿದ್ದೆ.

"ಹೊಸ ಮ್ಯಾಟ್ ಹಾಕ್ಲಾ?" ಎಂದು ಮೆಕ್ಯಾನಿಕ್ ಕೇಳಿದ. ಬೇಡವೆಂದೆ.

ಮನೆ ಮುಂದೆ ಗಾಡಿ ನಿಲ್ಲಿಸಿದವಳಿಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ. ಸುಮ್ಮನೆ ಹಿಂದಿನ ಬಾಗಿಲು ತೆಗೆದು ಬಗ್ಗಿ ನೋಡಿದೆ.

ನೀನು ಕೂರುತ್ತಿದ್ದ ಜಾಗದಲ್ಲಿ, ಸರಿಯಾಗಿ ನಿನ್ನ ಬಲಗಾಲಿನ ಕೆಳಗೆ, ಅಲ್ಲೂ ಮ್ಯಾಟ್ ತೂತಾಗಿದೆ ಅಪ್ಪಾ.