ಕಟ್ಟಾಯದ ಕಂಬದ ಹಕ್ಕಿ

ಹಾಸನ
ಸೋಮವಾರ

ಅರಕಲಗೂಡಿನಲ್ಲಿರುವ ಅತ್ತೆಮ್ಮನಿಗೆ, ಸೊಸೆ ಸ್ನೇಹಲತಾ ಮಾಡುವ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಕೂಗಿ ಹೇಳುವ ವಿಷಯವೂ ಇದಲ್ಲ. ಅದಕ್ಕೇ ಕಾಗದ.

ಮೊನ್ನೆ ಶನಿವಾರ ನಿಮ್ಮನ್ನು ನಾದಿನಿಯ ಮನೆಗೆ ಬಿಡಲು ಬರುವಾಗ, ಕಟ್ಟಾಯದ ಹತ್ತಿರ ಕರೆಂಟು ಕಂಬದ ಮೇಲೆ ಕಂದು ಬಣ್ಣದ ಹಕ್ಕಿಯೊಂದು ಕೂತಿತ್ತು. "ಗರುಡ ಕಣವ್ವ, ನಿಲ್ಸು, ಕೈ ಮುಗ್ದು ಬತ್ತೀನಿ" ಎಂದು ನೀವು ಆಗಲೇ ಚಪ್ಪಲಿ ಬಿಟ್ಟಿದ್ದಿರಿ. ಗರುಡನಾದರೆ ತಲೆ, ಎದೆ ಬೆಳ್ಳಗಿರುತ್ತದೆ, ಇದು ಬರೀ ಹದ್ದು ಎಂದು ಪಾಠ ಹೇಳಿ ನಾನು ಗಾಡಿ ನಿಲ್ಲಿಸಲಿಲ್ಲ. ಆರು ತಿಂಗಳಿಂದ ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡ ಜಂಬ. ನೀವು ಮತ್ತೆ ಚಪ್ಪಲಿ ಮೆಟ್ಟಿಕೊಂಡಿರಿ.

ಮನಸ್ಸು ತಡೆಯದೆ ನಿನ್ನೆ ಒಬ್ಬಳೇ ಹೋದೆ. ಅದೇ ಕಂಬ, ಅದೇ ಹಕ್ಕಿ. ನೋಡುತ್ತಿದ್ದಂತೆ ಹಾರಿತು. ಹದ್ದಿನ ಬಾಲ ಕವಲಾಗಿರುತ್ತದೆ, ಇದರದು ಬೀಸಣಿಗೆಯಂತೆ ದುಂಡಗಿತ್ತು. ಅದು ಗರುಡನ ಮರಿಯೇ ಅತ್ತೆಮ್ಮ. ಮೈಗೆ ಇನ್ನೂ ಬಿಳುಪು ಬಂದಿಲ್ಲ, ಅಷ್ಟೆ.

ಬರುವ ಶನಿವಾರ ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಬೇಗ ಹೊರಡೋಣ. ಚಿತ್ರಾನ್ನ ಕಟ್ಟಿಸಿಕೊಳ್ಳಿ, ಕಂಬದ ಹತ್ತಿರ ಅದು ಕಾಣುವವರೆಗೂ ಕಾಯೋಣ. ಬಕಲ್ ಹಾಕುವ ಚಪ್ಪಲಿ ಬೇಡ, ಬಿಡಲು ಸುಲಭವಾದ ಹವಾಯಿ ಹಾಕಿಕೊಳ್ಳಿ.

ಇನ್ನೊಂದು ಮಾತು. ನಿನ್ನೆ ವಾಪಸು ಬರುವಾಗ ಕೆರೆ ಏರಿಯ ಮೇಲೆ ಮತ್ತೊಂದು ಹಕ್ಕಿ ಸುತ್ತುತ್ತಿತ್ತು. ಬಾಲ ಸ್ಪಷ್ಟವಾಗಿ ಕವಲಾಗಿತ್ತು, ಹದ್ದೇ. ಆದರೂ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಇಳಿದೆ.

ನಿಮ್ಮ
ಸ್ನೇಹಲತಾ